ಹಾಥಾರ್ನ್ ಯಾವ ಮನೆಗೆ? ಪಾಶ್ಚಾತ್ಯ ಮೂಲಿಕೆಗಳನ್ನು ಚೀನೀ ವೈದ್ಯದ ಐದು ನಡೆಗಳಿಗೆ ಹೊಂದಿಸುವ ಬಗೆ

ಮೂಲಿಕೆಗಳ ಬಗ್ಗೆ ಓದಲು ಶುರು ಮಾಡಿದ ಹೊಸದರಲ್ಲಿ ನಾನೊಂದು ಡ್ರಾಯಿಂಗ್ ಶೀಟ್ ತಂದು ಐದು ಮನೆ ಗೀಚಿದೆ. ಮರ, ಬೆಂಕಿ, ಮಣ್ಣು, ಲೋಹ, ನೀರು. ಪಾಶ್ಚಾತ್ಯ ಮೂಲಿಕೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗಿಡ ತುಂಬುತ್ತಾ ಹೋದೆ. ಕೆಮ್ಮಿನ ಗಿಡಗಳೆಲ್ಲ ಲೋಹಕ್ಕೆ, ಯಾಕಂದ್ರೆ ಶ್ವಾಸಕೋಶ ಅಲ್ಲಿದೆ. ಮೂತ್ರ ಇಳಿಸುವವು ನೀರಿಗೆ. ಹೃದಯದ್ದು ಬೆಂಕಿಗೆ. ಭಾನುವಾರ ಊಟದ ಹೊತ್ತಿಗೆ ಹಾಳೆ ತುಂಬಿತು. ಇಷ್ಟೇನಾ ಅನ್ನಿಸಿತು.

ಆ ಹಾಳೆಯನ್ನು ಕೆಡಿಸಿದ್ದು ಹಾಥಾರ್ನ್. ಯುರೋಪಿನ ಹೊಲಗಳ ಬೇಲಿಯಲ್ಲಿ ಬೆಳೆಯುವ ಮುಳ್ಳುಗಿಡ ಅದು, ಚಿಕ್ಕ ಚಿಕ್ಕ ಕೆಂಪು ಹಣ್ಣು. ಪಾಶ್ಚಾತ್ಯ ಮೂಲಿಕೆಗಾರರನ್ನು ಕೇಳಿದರೆ ‘ಹೃದಯದ ಟಾನಿಕ್’ ಅಂತಾರೆ, ಎರಡನೇ ಮಾತಿಲ್ಲ. ಚೀನಾದಲ್ಲಿ ಅದರ ದಾಯಾದಿ ಗಿಡವೊಂದಿದೆ, ಹಣ್ಣಿನ ಹೆಸರು ಶಾನ್ ಝಾ. ಚಳಿಗಾಲದಲ್ಲಿ ಬೀಜಿಂಗ್ ಬೀದಿಗಳಲ್ಲಿ ಕಡ್ಡಿಗೆ ಪೋಣಿಸಿ, ಸಕ್ಕರೆ ಪಾಕದಲ್ಲಿ ಅದ್ದಿ ಮಾರುವುದು ಇದನ್ನೇ. ಚೀನೀ ವೈದ್ಯರು ಇದನ್ನು ಕೊಡುವುದು ಮಾಂಸದೂಟ ಜಾಸ್ತಿಯಾಗಿ ಹೊಟ್ಟೆ ಕಲ್ಲಾದಾಗ. ಅವರ ಲೆಕ್ಕದಲ್ಲಿ ಇದು ಹೋಗುವ ಜಾಗ ಮೂರು: ಗುಲ್ಮ, ಜಠರ, ಲಿವರ್. ಹೃದಯದ ಹೆಸರೇ ಇಲ್ಲ!

ನಾನು ಗಿಡವನ್ನು ಎತ್ತಿ ಮನೆಯೊಳಗೆ ಕೂರಿಸಿದ್ದೆ. ಕೂರಿಸಬೇಕಾದದ್ದು ಗಿಡ ಮಾಡುವ ಕೆಲಸವನ್ನು. ಒಂದು ಗಿಡಕ್ಕೆ ನಾಲ್ಕು ಕೆಲಸ ಇದ್ದರೆ ಅದು ನಾಲ್ಕು ಮನೆಯಲ್ಲಿ ಕಾಲಿಡಬಹುದು. ಈ ಒಂದು ವಿಷಯ ತಲೆಗೆ ಹೋಗುವವರೆಗೆ ಮುಂದಿನ ಯಾವ ಹೆಜ್ಜೆಯೂ ಕೈಗೆ ಹತ್ತುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ಐದು ನಡೆಗಳ ಲೆಕ್ಕ ಲ್ಯಾಬಿನಲ್ಲಿ ಸಾಬೀತಾದ ವಿಜ್ಞಾನ ಅಲ್ಲ. ಗಿಡಗಳನ್ನು ಗಮನವಿಟ್ಟು ನೋಡಲು, ನೆನಪಿಡಲು ಅದೊಂದು ಹಳೆಯ ಚೌಕಟ್ಟು. ಇಲ್ಲಿ ಬರೆಯುತ್ತಿರುವುದು ಕಲಿಯುವವರಿಗೆ. ಕಾಯಿಲೆಗೆ ಡಾಕ್ಟರ್ ಇದ್ದಾರೆ.

ಹೆಜ್ಜೆ 1: ಪಂಚಭೂತವನ್ನು ಪಕ್ಕಕ್ಕಿಡಿ

‘ಐದು’ ಅಂದ ಕೂಡಲೇ ನಮಗೆ ಪಂಚಭೂತ ನೆನಪಾಗುತ್ತದೆ. ಅದೇ ಮೊದಲ ಎಡವಟ್ಟು. ಚೀನೀ ಪಟ್ಟಿಯಲ್ಲಿ ಗಾಳಿ ಇಲ್ಲ, ಆಕಾಶ ಇಲ್ಲ. ನಮ್ಮದರಲ್ಲಿ ಮರ ಇಲ್ಲ, ಲೋಹ ಇಲ್ಲ. ಅದಕ್ಕಿಂತ ಮುಖ್ಯ, ಭೂತಗಳು ವಸ್ತು ಯಾವುದರಿಂದ ಆಗಿದೆ ಅನ್ನುವುದನ್ನು ಹೇಳುತ್ತವೆ. ಚೀನೀ ‘ವು ಶಿಂಗ್’ನಲ್ಲಿ ವು ಅಂದರೆ ಐದು, ಶಿಂಗ್ ಅಂದರೆ ನಡೆಯುವುದು, ಸಾಗುವುದು. ಅದಕ್ಕೇ ನಾನು ‘ಐದು ನಡೆ’ ಅಂತ ಬರೆಯುತ್ತೇನೆ. ನಡೆ ಅಂದರೆ ಹೆಜ್ಜೆಯೂ ಹೌದು, ನಡತೆಯೂ ಹೌದು. ಎರಡೂ ಇಲ್ಲಿ ಸರಿಹೊಂದುತ್ತವೆ.

ಶುಜಿಂಗ್ ಎಂಬ ಬಹಳ ಹಳೆಯ ಚೀನೀ ಗ್ರಂಥದಲ್ಲಿ ಈ ಐದರ ನಡತೆಯನ್ನು ಐದೇ ಮಾತಿನಲ್ಲಿ ಹೇಳಿದ್ದಾರೆ. ನೀರು ನೆನೆಸಿ ಕೆಳಗಿಳಿಯುತ್ತದೆ. ಬೆಂಕಿ ಉರಿದು ಮೇಲೇರುತ್ತದೆ. ಮರ ಬಾಗುತ್ತದೆ, ನೆಟ್ಟಗಾಗುತ್ತದೆ. ಲೋಹ ಮಣಿದು ರೂಪ ಬದಲಿಸುತ್ತದೆ. ಮಣ್ಣು ಬಿತ್ತನೆಯನ್ನೂ ಕೊಯ್ಲನ್ನೂ ಕೊಡುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಬರೆದಿಡಿ. ಅದರ ಕೆಳಗೆ ಈ ಪಟ್ಟಿ:

ಮರ: ಲಿವರ್, ಪಿತ್ತಕೋಶ. ವಸಂತ. ಹುಳಿ. ಸಿಟ್ಟು. ಕಣ್ಣು, ಸ್ನಾಯುರಜ್ಜು.
ಬೆಂಕಿ: ಹೃದಯ, ಸಣ್ಣ ಕರುಳು. ಬೇಸಿಗೆ. ಕಹಿ. ಸಂತೋಷ. ನಾಲಗೆ, ರಕ್ತನಾಳ.
ಮಣ್ಣು: ಗುಲ್ಮ, ಜಠರ. ಬೇಸಿಗೆಯ ಕೊನೆ. ಸಿಹಿ. ಚಿಂತೆ. ಬಾಯಿ, ಮಾಂಸಖಂಡ.
ಲೋಹ: ಶ್ವಾಸಕೋಶ, ದೊಡ್ಡ ಕರುಳು. ಶರತ್ಕಾಲ. ಖಾರ. ದುಃಖ. ಮೂಗು, ಚರ್ಮ.
ನೀರು: ಕಿಡ್ನಿ, ಮೂತ್ರಕೋಶ. ಚಳಿಗಾಲ. ಉಪ್ಪು. ಭಯ. ಕಿವಿ, ಮೂಳೆ.

ಇಲ್ಲಿ ಲಿವರ್, ಗುಲ್ಮ ಅಂದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಗ ಅಂತ ತಿಳಿಯಬೇಡಿ. ಚೀನೀ ವೈದ್ಯದ ‘ಗುಲ್ಮ’ಕ್ಕೆ ಹೆಚ್ಚುಕಡಿಮೆ ಇಡೀ ಜೀರ್ಣದ ಜವಾಬ್ದಾರಿ ಇದೆ. ನಮ್ಮ ಶರೀರಶಾಸ್ತ್ರದ ಗುಲ್ಮಕ್ಕೆ ಆ ಕೆಲಸವೇ ಇಲ್ಲ.

ಹೆಜ್ಜೆ 2: ಪಾಶ್ಚಾತ್ಯ ಪದವನ್ನು ಬಿಡಿಸಿ ಕ್ರಿಯಾಪದ ಮಾಡಿ

ಪಾಶ್ಚಾತ್ಯ ಮೂಲಿಕೆ ಪುಸ್ತಕದಲ್ಲಿ ಪ್ರತಿ ಗಿಡದ ಮುಂದೆ ಒಂದು ಸಾಲು ಪದ ಇರುತ್ತದೆ: ಕಾರ್ಮಿನೇಟಿವ್, ಡಿಮಲ್ಸೆಂಟ್, ಡಯಾಫೊರೆಟಿಕ್, ನರ್ವೈನ್. ಗಂಭೀರವಾಗಿ ಕೇಳಿಸಿದರೂ ಎಲ್ಲದರ ಹಿಂದೆ ಒಂದೊಂದು ಸಾದಾ ಕ್ರಿಯೆ ಇದೆ. ಕಾರ್ಮಿನೇಟಿವ್ ಅಂದರೆ ಗ್ಯಾಸ್ ಹೊರಡಿಸುವುದು. ಡಿಮಲ್ಸೆಂಟ್ ಅಂದರೆ ಲೋಳೆಯಿಂದ ತೇವ ಮಾಡಿ ಉರಿ ತಣಿಸುವುದು. ಡಯಾಫೊರೆಟಿಕ್ ಬೆವರಿಸುತ್ತದೆ. ಆಸ್ಟ್ರಿಂಜೆಂಟ್ ಬಿಗಿಯುತ್ತದೆ. ಆಂಟಿಸ್ಪಾಸ್ಮೋಡಿಕ್ ಹಿಡಿದುಕೊಂಡದ್ದನ್ನು ಬಿಡಿಸುತ್ತದೆ.

ಪ್ರತಿ ಕ್ರಿಯೆಗೂ ಎರಡು ಪ್ರಶ್ನೆ ಕೇಳಿ. ಯಾವ ಕಡೆಗೆ ತಳ್ಳುತ್ತದೆ: ಮೇಲಕ್ಕಾ, ಕೆಳಕ್ಕಾ, ಹೊರಕ್ಕಾ, ಒಳಕ್ಕಾ? ಬಿಸಿ ಮಾಡುತ್ತದಾ, ತಂಪು ಮಾಡುತ್ತದಾ? ಎರಡನೇ ಪ್ರಶ್ನೆ ನಮಗೆ ಹೊಸದಲ್ಲ. ‘ಪರಂಗಿ ಹೀಟು, ತಿನ್ಬೇಡ’ ಅಂತ ಕೇಳಿಕೊಂಡೇ ಬೆಳೆದವರು ನಾವು. ಪಾಶ್ಚಾತ್ಯರಿಗೂ ಇದು ಹೊಸದಲ್ಲ. ಗ್ರೀಕ್ ವೈದ್ಯ ಗೇಲನ್ ಕಾಲದಿಂದ ಗಿಡಗಳಿಗೆ ಬಿಸಿ, ತಂಪು, ಒಣ, ತೇವ ಅಂತ ನಾಲ್ಕು ಗುಣ, ಪ್ರತಿ ಗುಣಕ್ಕೂ ನಾಲ್ಕು ಮಟ್ಟ ಇದ್ದವು. 17ನೇ ಶತಮಾನದ ಲಂಡನ್ನಿನಲ್ಲಿ ಮೂಲಿಕೆಗಾರ ನಿಕೊಲಸ್ ಕಲ್ಪೆಪರ್ ಕೂಡ ಹಾಗೇ ಬರೆಯುತ್ತಿದ್ದ. ಆಮೇಲೆ ರಸಾಯನಶಾಸ್ತ್ರ ಬಂತು, ಬಿಸಿ-ತಂಪಿನ ಮಾತು ಪುಸ್ತಕದಿಂದ ಜಾರಿತು. ನೀವು ಅದನ್ನು ವಾಪಸ್ ಸೇರಿಸುತ್ತಿದ್ದೀರಿ, ಅಷ್ಟೇ.

ಹೆಜ್ಜೆ 3: ಬಾಯಿಗೆ ಹಾಕಿ ನೋಡಿ

ಓದಿದ್ದು ಸಾಕು, ಅಡುಗೆಮನೆಗೆ ಬನ್ನಿ. ಹಸಿಶುಂಠಿಯ ಒಂದು ತೆಳು ಬಿಲ್ಲೆ, ಒಣಶುಂಠಿಯ ಒಂದು ಚೂರು ತೆಗೆದುಕೊಳ್ಳಿ.

ಮೊದಲು ಹಸಿದು. ಅಗಿದ ತಕ್ಷಣ ಚುರ್ ಅನ್ನುತ್ತದೆ, ಖಾರ ಮೂಗಿನ ಕಡೆ ಏರುತ್ತದೆ, ಬಾಯಲ್ಲಿ ನೀರೂರುತ್ತದೆ. ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಕಷಾಯ ಮಾಡಿ ಕುಡಿದು ಹೊದ್ದು ಕೂತರೆ ಹಣೆಯಲ್ಲಿ ಬೆವರು. ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಬಿಟ್ಟು ಒಣದ್ದನ್ನು ಅಗಿಯಿರಿ. ಮೊದಲು ಮರದ ಪುಡಿ ತಿಂದ ಹಾಗಿರುತ್ತದೆ. ಆಮೇಲೆ ಗಂಟಲ ಕೆಳಗೆಲ್ಲೋ ಬಿಸಿ ಶುರುವಾಗುತ್ತದೆ, ಎದೆಗೂಡಿನ ಕೆಳಗೆ ಹೋಗಿ ಕೂರುತ್ತದೆ. ಏಳುವುದೇ ಇಲ್ಲ.

ಚೀನೀ ವೈದ್ಯರು ಇವೆರಡನ್ನು ಎರಡು ಬೇರೆ ಮದ್ದು ಅಂತಲೇ ಇಟ್ಟಿದ್ದಾರೆ. ಹಸಿದು ಶೆಂಗ್ ಜಿಯಾಂಗ್: ಮೈ ಹೊರಗಿನ ಚಳಿಯನ್ನು ಬೆವರಿನ ಮೂಲಕ ಅಟ್ಟುವ ಗುಂಪಿಗೆ ಸೇರಿದ್ದು. ಒಣದ್ದು ಗಾನ್ ಜಿಯಾಂಗ್: ಒಳಗನ್ನು ಬಿಸಿ ಮಾಡುವ ಗುಂಪು. ಒಣಗುವಾಗ ಜಿಂಜರಾಲ್ ಎಂಬ ಅಂಶದಲ್ಲಿ ಒಂದಿಷ್ಟು ಶೊಗಾಲ್ ಆಗಿ ಬದಲಾಗುತ್ತದೆ, ಶೊಗಾಲ್ ಇನ್ನೂ ಖಾರ. ರಸಾಯನಶಾಸ್ತ್ರ ಹೇಳುವುದನ್ನು ನಾಲಗೆ ಮೊದಲೇ ಹೇಳಿತ್ತು. ಈಗ ಮನೆ ಹುಡುಕಿ. ಹಸಿಶುಂಠಿ ಚರ್ಮದ ಕಡೆ ತಳ್ಳುತ್ತದೆ, ಚರ್ಮ ಶ್ವಾಸಕೋಶದ್ದು, ಅಂದರೆ ಲೋಹ. ಒಣಶುಂಠಿ ಹೊಟ್ಟೆಯಲ್ಲಿ ಕೂರುತ್ತದೆ, ಅದು ಮಣ್ಣು. ಒಂದೇ ಗಿಡ, ಒಂದೇ ಗೆಡ್ಡೆ.

ರುಚಿಯಲ್ಲಿ ಒಂದು ತೊಡಕಿದೆ. ಆಯುರ್ವೇದದಲ್ಲಿ ಆರು ರಸ, ಚೀನೀ ಲೆಕ್ಕದಲ್ಲಿ ಐದು. ನಮ್ಮ ‘ಒಗರು’ ಅಲ್ಲಿ ಬೇರೆ ರುಚಿಯಾಗಿ ನಿಲ್ಲದೆ ಹುಳಿಯ ಬಾಲ ಹಿಡಿದಿದೆ, ಯಾಕಂದ್ರೆ ಎರಡೂ ಒಳಕ್ಕೆ ಎಳೆದು ಬಿಗಿಯುತ್ತವೆ. ಪಾಶ್ಚಾತ್ಯ ಆಸ್ಟ್ರಿಂಜೆಂಟ್ ಗಿಡಗಳಾದ ಓಕ್ ತೊಗಟೆ, ರಾಸ್‌ಬೆರಿ ಎಲೆ ಎಲ್ಲ ಒಗರೇ. ಅವನ್ನು ಹುಳಿಯ ಜೊತೆಗೆ ಬರೆದುಕೊಳ್ಳಿ, ಪಕ್ಕದಲ್ಲಿ ಒಗರು ಅಂತ ಗುರುತು ಹಾಕಿ.

ಹೆಜ್ಜೆ 4: ಕೆಲಸವನ್ನು ನಡೆಗೆ ಸೇರಿಸಿ

ಮಣ್ಣು ಸುಲಭ. ಹಸಿವು ಹುಟ್ಟಿಸುವುದು, ಗ್ಯಾಸ್ ಇಳಿಸುವುದು, ತಿಂದದ್ದು ಮೈಗೆ ಹಿಡಿಯುವ ಹಾಗೆ ಮಾಡುವುದು. ಬೆಂಕಿಗೆ ನಿದ್ದೆ ತರಿಸುವ, ಎದೆಬಡಿತ ಶಾಂತ ಮಾಡುವ ನರ್ವೈನ್‌ಗಳು. ಚೀನೀ ವೈದ್ಯದಲ್ಲಿ ಮನಸ್ಸಿನ ಮನೆ ಹೃದಯವೇ. ಮದರ್‌ವರ್ಟ್ ಗಿಡವನ್ನು ನೋಡಿ: ಲ್ಯಾಟಿನ್ ಹೆಸರು ಲಿಯೊನುರಸ್ ಕಾರ್ಡಿಯಾಕಾ, ಹೆಸರಲ್ಲೇ ಹೃದಯ. ಚೀನೀ ದಾಯಾದಿಗೆ ಯಿ ಮು ಸಾವ್ ಅಂತಾರೆ, ‘ತಾಯಿಗೆ ಒಳ್ಳೆಯದು ಮಾಡುವ ಸೊಪ್ಪು’. ಅಲ್ಲಿ ಅದು ಮುಟ್ಟಿನ ತೊಂದರೆಗೆ. ಇಂಗ್ಲಿಷ್ ಹೆಸರಲ್ಲೂ ತಾಯಿ ಇದ್ದಾಳೆ!

ಲೋಹಕ್ಕೆ ಕಫ ಕರಗಿಸುವವು, ಬೆವರಿಸುವವು, ಒಣಕೆಮ್ಮಿಗೆ ತೇವ ಕೊಡುವವು. ಥೈಮ್ ಸಿಗದಿದ್ದರೆ ಓಮ ಉಜ್ಜಿ ಮೂಸಿ, ಎರಡರಲ್ಲೂ ಇರುವುದು ಥೈಮಾಲ್. ತೇವ ಕೊಡುವುದಕ್ಕೆ ಮಾರ್ಷ್‌ಮ್ಯಾಲೋ ಬೇರು. ಅದು ನಮ್ಮ ದಾಸವಾಳ, ಬೆಂಡೆಯ ಕುಟುಂಬದ್ದು. ತಣ್ಣೀರಲ್ಲಿ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆಗೆ ಲೋಳೆ ಲೋಳೆ. ತಲೆಗೆ ಹಚ್ಚಲು ದಾಸವಾಳದ ಎಲೆ ಕಿವುಚಿದವರಿಗೆ ಡಿಮಲ್ಸೆಂಟ್ ಅಂದರೇನು ಅಂತ ಬೇರೆ ಹೇಳಬೇಕಿಲ್ಲ.

ಮರದ ಹತ್ತಿರ ಸ್ವಲ್ಪ ನಿಲ್ಲಬೇಕು. ಚೀನೀ ವೈದ್ಯದಲ್ಲಿ ಲಿವರ್‌ನ ದೊಡ್ಡ ಕೆಲಸ ಎಲ್ಲವನ್ನೂ ಸರಾಗವಾಗಿ ಹರಿಯಬಿಡುವುದು. ಹರಿವು ಕಟ್ಟಿದರೆ ಪಕ್ಕೆ ಬಿಗಿತ, ನಿಟ್ಟುಸಿರು, ಸಿಡಿಮಿಡಿ. ಹಾಗಾಗಿ ಪಿತ್ತ ಹರಿಸುವ ಡ್ಯಾಂಡೆಲಿಯನ್ ಬೇರು ಇಲ್ಲಿಗೆ ಬರುತ್ತದೆ, ಹಿಡಿತ ಬಿಡಿಸುವ ಕ್ರ್ಯಾಂಪ್ ಬಾರ್ಕ್ ಕೂಡ. ಒಂದು ಪಿತ್ತಕ್ಕೆ, ಇನ್ನೊಂದು ಸ್ನಾಯುವಿಗೆ. ಪಾಶ್ಚಾತ್ಯ ಪುಸ್ತಕದಲ್ಲಿ ಇವು ದೂರದೂರ. ಇಲ್ಲಿ ನೆರೆಮನೆ, ಎರಡೂ ಮಾಡುವುದು ‘ಬಾಗಿದ್ದನ್ನು ನೆಟ್ಟಗೆ’ ಮಾಡುವುದನ್ನೇ.

ನೀರು ಎಲ್ಲಕ್ಕಿಂತ ಕಷ್ಟ. ‘ಡಯುರೆಟಿಕ್ (ಮೂತ್ರ ಇಳಿಸುವುದು) ಅಂದರೆ ನೀರು’ ಅಂತ ನಾನು ಬರೆದಿದ್ದೆ ಅಲ್ವಾ, ಅದು ಅರ್ಧ ಸರಿ. ಚೀನೀ ವೈದ್ಯದಲ್ಲಿ ಮೈಯ ನೀರು ನೋಡಿಕೊಳ್ಳುವವರು ಮೂವರು. ಶ್ವಾಸಕೋಶ ಮೇಲಿಂದ ಕೆಳಗಿಳಿಸುತ್ತದೆ, ಗುಲ್ಮ ನಡುವೆ ಸಾಗಿಸುತ್ತದೆ, ಕಿಡ್ನಿ ಕೆಳಗೆ ಬೇರ್ಪಡಿಸುತ್ತದೆ. ಆದ್ದರಿಂದ ಮೂತ್ರ ಇಳಿಸುವ ಗಿಡ ಕಂಡಾಗ ಯಾರ ಕೆಲಸಕ್ಕೆ ಕೈಜೋಡಿಸುತ್ತಿದೆ ಅಂತ ಕೇಳಬೇಕು. ಡ್ಯಾಂಡೆಲಿಯನ್ ಎಲೆ ತಂಪು, ಕಹಿ, ಕೆಳಗಿಳಿಸುವಂಥದ್ದು. ಫ್ರೆಂಚರು ಅದನ್ನು ಪಿಸಾನ್ಲಿ ಅಂತಾರೆ, ‘ಹಾಸಿಗೆಯಲ್ಲಿ ಉಚ್ಚೆ’ ಅಂತ ಅರ್ಥ, ಇದಕ್ಕಿಂತ ಬಿಚ್ಚಿ ಹೇಳೋದು ಕಷ್ಟ. ಅದು ಬರಿದು ಮಾಡುವ ಗಿಡ. ಚೀನೀ ‘ಕಿಡ್ನಿ’ಗೆ ಸಾಮಾನ್ಯವಾಗಿ ಬೇಕಾಗುವುದು ತುಂಬಿಸುವುದು. ಅದಕ್ಕೆ ನಾನೀಗ ಬರಿದು ಮಾಡುವವನ್ನು ‘ನೀರು, ಮೂತ್ರಕೋಶ’ ಅಂತಲೂ, ಬಲ ಕೊಡುವವನ್ನು ‘ನೀರು, ಕಿಡ್ನಿ’ ಅಂತಲೂ ಬೇರೆ ಬೇರೆ ಬರೆಯುತ್ತೇನೆ. ಕಾಲು ಅಥವಾ ಮುಖ ಊದಿಕೊಂಡಿದ್ದರೆ ಮಾತ್ರ ಈ ನೋಟ್‌ಬುಕ್ ಮುಚ್ಚಿ ಡಾಕ್ಟರ್ ಹತ್ತಿರ ಹೋಗಿ. ಅದು ಹೃದಯದ್ದೋ ಕಿಡ್ನಿಯದ್ದೋ ತೊಂದರೆ ಆಗಿರಬಹುದು.

‘ಅಡಾಪ್ಟೊಜೆನ್’ ಪದವನ್ನು ಯಾವ ಮನೆಗೂ ಸೇರಿಸಬೇಡಿ. 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ ಹುಟ್ಟಿಸಿದ ಪದ ಅದು. ಒತ್ತಡ ತಾಳಿಕೊಳ್ಳಲು ನೆರವಾಗುವುದು ಅಂತ ಅರ್ಥ. ಜಿನ್‌ಸೆಂಗ್, ಅಶ್ವಗಂಧ ಎಲ್ಲ ಅದೇ ಚೀಲದಲ್ಲಿ. ಚೀಲ ಬಿಚ್ಚಿ ಒಂದೊಂದನ್ನೂ ಬೇರೆಯಾಗಿ ರುಚಿ ನೋಡಿ.

ಹೆಜ್ಜೆ 5: ರುಚಿಯ ಬಲೆಗೆ ಬೀಳಬೇಡಿ

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಪಟ್ಟಿಯಲ್ಲಿ ಮರಕ್ಕೆ ಹುಳಿ ಅಂತಿದೆ. ಹಾಗಾದರೆ ಲಿವರ್ ಬಿಗಿದಾಗ ಹುಳಿ ಕೊಡಬೇಕಾ? ಕೊಟ್ಟರೆ ಇನ್ನೂ ಬಿಗಿಯುತ್ತದೆ. ಹುಳಿಯ ಕೆಲಸ ಒಳಕ್ಕೆ ಸೇರಿಸುವುದು.

ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಚೀನೀ ವೈದ್ಯ ಗ್ರಂಥ ಹ್ವಾಂಗ್‌ಡಿ ನೇಜಿಂಗ್‌ನಲ್ಲಿ ಇದಕ್ಕೆ ಉತ್ತರ ಇದೆ. ಖಾರ ಚದುರಿಸುತ್ತದೆ, ಹುಳಿ ಸೇರಿಸುತ್ತದೆ, ಸಿಹಿ ಸಡಿಲಿಸುತ್ತದೆ, ಕಹಿ ಗಟ್ಟಿ ಮಾಡುತ್ತದೆ, ಉಪ್ಪು ಮೆತ್ತಗೆ ಮಾಡುತ್ತದೆ. ಲಿವರ್ ಚದುರಲು ಬಯಸುತ್ತದೆ, ಅದಕ್ಕೆ ಖಾರ ಕೊಡು. ಶ್ವಾಸಕೋಶ ಸೇರಿಕೊಳ್ಳಲು ಬಯಸುತ್ತದೆ, ಅದಕ್ಕೆ ಹುಳಿ ಕೊಡು. ಅಂದರೆ ಲೋಹದ ರುಚಿ ಮರಕ್ಕೆ ಮದ್ದು, ಮರದ ರುಚಿ ಲೋಹಕ್ಕೆ ಮದ್ದು! ಪುದೀನ ಖಾರವಾಗಿದ್ದೂ ಚೀನೀ ಲೆಕ್ಕದಲ್ಲಿ ಶ್ವಾಸಕೋಶದ ಜೊತೆ ಲಿವರ್‌ಗೂ ಹೋಗುವುದು ಇದೇ ತರ್ಕದಲ್ಲಿ. ಹುಳಿಯಾದ ವು ವೇ ಝಿ ಹಣ್ಣನ್ನು ಹಳೇ ಕೆಮ್ಮಿಗೆ ಕೊಡುವುದೂ ಹಾಗೇ.

ಪ್ರಮಾಣ ಬದಲಾದರೆ ಮನೆಯೂ ಬದಲಾಗುತ್ತದೆ. ಯುರೋಪಿನಲ್ಲಿ ಜೆನ್ಷಿಯನ್ ಬೇರಿನ ನಾಲ್ಕೈದು ಹನಿ ಊಟಕ್ಕೆ ಮುಂಚೆ ನಾಲಗೆ ಮೇಲೆ ಹಾಕಿಕೊಳ್ಳುತ್ತಾರೆ, ಹಸಿವಿಗೆ. ಅದು ಮಣ್ಣಿನ ಕೆಲಸ. ಚೀನಾದಲ್ಲಿ ಅದೇ ಕುಲದ ಲೊಂಗ್ ಡಾನ್ ಸಾವ್ ಲಿವರ್‌ನ ಉರಿ ಇಳಿಸುವ ಕಟು ಮದ್ದು. ಜಾಸ್ತಿ ಕೊಟ್ಟರೆ ಜಠರ ಕೆಡುತ್ತದೆ ಅಂತ ಅವರೇ ಎಚ್ಚರಿಸುತ್ತಾರೆ.

ಹೆಜ್ಜೆ 6: ಯಾರು ಯಾರನ್ನು ತುಳಿಯುತ್ತಿದ್ದಾರೆ ನೋಡಿ

ಇಲ್ಲಿಯವರೆಗೆ ಮನೆಗಳು ಬಿಡಿಬಿಡಿ. ಅವುಗಳ ನಡುವೆ ಎರಡು ಸಂಬಂಧ ಇದೆ. ಒಂದು ಹೆರುವುದು: ಮರ ಬೆಂಕಿಯನ್ನು, ಬೆಂಕಿ ಮಣ್ಣನ್ನು, ಮಣ್ಣು ಲೋಹವನ್ನು, ಲೋಹ ನೀರನ್ನು, ನೀರು ಮರವನ್ನು. ಇನ್ನೊಂದು ಹದ್ದುಬಸ್ತಿನಲ್ಲಿಡುವುದು: ಮರ ಮಣ್ಣನ್ನು, ಮಣ್ಣು ನೀರನ್ನು, ನೀರು ಬೆಂಕಿಯನ್ನು, ಬೆಂಕಿ ಲೋಹವನ್ನು, ಲೋಹ ಮರವನ್ನು.

ಒಂದು ಉದಾಹರಣೆ ಸಾಕು. ಮೀಟಿಂಗ್‌ನಲ್ಲಿ ಜಗಳ ಆಗಿದೆ. ಸಿಟ್ಟು ನುಂಗಿಕೊಂಡು ಊಟಕ್ಕೆ ಕೂತಿದ್ದೀರಿ. ಎರಡು ತುತ್ತಿಗೆ ಹೊಟ್ಟೆ ಹಿಂಡುತ್ತದೆ, ಉಬ್ಬರಿಸುತ್ತದೆ. ತೊಂದರೆ ಕಾಣುವುದು ಮಣ್ಣಿನಲ್ಲಿ, ಶುರುವಾದದ್ದು ಮರದಲ್ಲಿ. ಮರ ಮಣ್ಣನ್ನು ತುಳಿದಿದೆ. ಇಂಥಲ್ಲಿ ಸುಮ್ನೆ ಗ್ಯಾಸ್ ಇಳಿಸುವ ಗಿಡ ಹುಡುಕಿದರೆ ಅರ್ಧ ಕೆಲಸ. ಕ್ಯಾಮೊಮೈಲ್ ತೆಗೆದುಕೊಳ್ಳಿ: ಗ್ಯಾಸ್ ಇಳಿಸುತ್ತದೆ, ಹಿಡಿತ ಬಿಡಿಸುತ್ತದೆ, ನರ ಶಾಂತ ಮಾಡುತ್ತದೆ. ಮೂರು ಪದ ಪಾಶ್ಚಾತ್ಯ ಪುಸ್ತಕದಲ್ಲಿ ಮೂರು ಗುಣ. ಇಲ್ಲಿ ಒಂದೇ ಗುಣದ ಮೂರು ಮುಖ. ಐದು ನಿಮಿಷ ನೆನೆಸಿದರೆ ಪರಿಮಳ, ಹದಿನೈದು ನಿಮಿಷ ಬಿಟ್ಟರೆ ಚೆನ್ನಾಗಿ ಕಹಿ. ಪರಿಮಳ ಹರಿಸುತ್ತದೆ, ಕಹಿ ಕೆಳಗಿಳಿಸುತ್ತದೆ. (ಸೇವಂತಿಗೆ, ಚೆಂಡುಹೂ ಅಂದರೆ ಅಲರ್ಜಿ ಇರುವವರಿಗೆ ಇದು ಬೇಡ, ಕುಟುಂಬ ಒಂದೇ.)

ಹೆರುವ ಸಂಬಂಧಕ್ಕೂ ಹಳೆಯ ಸೂತ್ರ ಇದೆ: ಕೊರತೆ ಇದ್ದರೆ ತಾಯಿಗೆ ಬಲ ಕೊಡು, ಜಾಸ್ತಿ ಇದ್ದರೆ ಮಗುವನ್ನು ಬರಿದು ಮಾಡು. ಶ್ವಾಸಕೋಶ ಸೊರಗಿದವರಿಗೆ ಚೀನೀ ವೈದ್ಯರು ಗುಲ್ಮವನ್ನು ಗಟ್ಟಿ ಮಾಡುವುದು ಇದರಿಂದಲೇ. ಮಣ್ಣು ಲೋಹದ ತಾಯಿ ತಾನೇ?

ಹೆಜ್ಜೆ 7: ಚೀನೀ ಪುಸ್ತಕದ ಜೊತೆ ತಾಳೆ ನೋಡಿ, ಪೂರ್ತಿ ಹೆಸರಿನಿಂದ

ನಿಮ್ಮ ಊಹೆ ಬರೆದ ಮೇಲೆ ಚೀನೀ ಮೂಲಿಕೆ ಪುಸ್ತಕ ತೆರೆಯಿರಿ, ಮುಂಚೆ ಬೇಡ. ಕ್ಯಾಮೊಮೈಲ್‌ನಂಥ ಗಿಡಕ್ಕೆ ಅಲ್ಲಿ ಹಳೆಯ ದಾಖಲೆ ಇರುವುದಿಲ್ಲ, ನಿಮ್ಮ ಊಹೆಯೇ ಗತಿ. ಹೊರಗಿನ ಗಿಡವನ್ನು ಚೀನೀಯರು ಹೇಗೆ ಒಳಗೆ ಬಿಟ್ಟುಕೊಂಡರು ಅನ್ನುವುದಕ್ಕೆ ಅಮೆರಿಕನ್ ಜಿನ್‌ಸೆಂಗ್ ಒಳ್ಳೆ ಪಾಠ. 1716ರಲ್ಲಿ ಮಾಂಟ್ರಿಯಲ್ ಹತ್ತಿರ ಲಾಫಿತೋ ಎಂಬ ಜೆಸ್ಯೂಟ್ ಪಾದ್ರಿ ಅದನ್ನು ಗುರುತಿಸಿದ ಮೇಲೆ ಚೀನಾಕ್ಕೆ ಸಾಗಿಸಲು ಶುರು ಮಾಡಿದರು. ಚೀನೀ ವೈದ್ಯರು ಅದನ್ನು ತಮ್ಮ ಜಿನ್‌ಸೆಂಗ್ ಜೊತೆ ಒಂದೇ ಸಾಲಲ್ಲಿ ನಿಲ್ಲಿಸಲಿಲ್ಲ. ತಮ್ಮದು ಬಿಸಿ, ಇದು ತಂಪು ಅಂತ ಬೇರೆ ಮಾಡಿದರು.

ಹೆಸರಿನ ವಿಷಯದಲ್ಲಿ ಸೋಮಾರಿತನ ಬೇಡ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ‘ಫಾಂಗ್ ಜಿ’ ಎಂಬ ಬೇರು, ಅಂದರೆ ಸ್ಟೆಫಾನಿಯಾ ಗಿಡದ್ದು, ಹಾಕಬೇಕಿತ್ತು. ಸ್ಟೆಫಾನಿಯಾ ಜಾಗದಲ್ಲಿ ಅದೇ ಹೆಸರಿನ ಇನ್ನೊಂದು ಬೇರು, ಅರಿಸ್ಟೊಲೋಕಿಯಾ, ಬಂದು ಕೂತಿತು. ನೂರಕ್ಕೂ ಜಾಸ್ತಿ ಜನರ ಕಿಡ್ನಿ ಹಾಳಾಯಿತು, ಕೆಲವರಿಗೆ ಆಮೇಲೆ ಕ್ಯಾನ್ಸರ್ ಕೂಡ ಬಂತು. ನೋಟ್‌ಬುಕ್ಕಿನಲ್ಲಿ ಪ್ರತಿ ಗಿಡಕ್ಕೂ ಲ್ಯಾಟಿನ್ ಹೆಸರು, ಯಾವ ಭಾಗ, ಹಸಿಯಾ ಒಣಗಿದ್ದಾ ಅಂತ ಬರೆಯಲೇಬೇಕು.

ಜೊತೆಗೆ ಒಂದು ಕೆಂಪು ಸಾಲು ಇರಲಿ. ಅತಿಮಧುರ ದಿನವೂ ಜಾಸ್ತಿ ತಿಂದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹಾಥಾರ್ನ್ ಹೃದಯದ ಮಾತ್ರೆಗಳ ಜೊತೆ ಡಾಕ್ಟರನ್ನು ಕೇಳದೆ ಬೇಡ. ಮದರ್‌ವರ್ಟ್ ಬಸುರಿಯರಿಗೆ ಬೇಡ. ಸೇಂಟ್ ಜಾನ್ಸ್ ವರ್ಟ್ ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್ ಸೇರಿ ಎಷ್ಟೋ ಔಷಧಿಗಳ ಕಸುವು ತಗ್ಗಿಸುತ್ತದೆ.

ಯಾವುದರಿಂದ ಶುರು ಮಾಡುವುದು?

ಆನ್‌ಲೈನ್‌ನಲ್ಲಿ ದುಬಾರಿ ಗಿಡ ತರಿಸಬೇಡಿ. ಎರಡೂ ಕಡೆಯ ಪುಸ್ತಕದಲ್ಲಿರುವ ಐದು ನಮ್ಮ ಗ್ರಂಧಿಗೆ ಅಂಗಡಿಯಲ್ಲೋ ತರಕಾರಿ ಗಾಡಿಯಲ್ಲೋ ಸಿಗುತ್ತವೆ: ಶುಂಠಿ, ಪುದೀನ, ಚಕ್ಕೆ, ಅತಿಮಧುರ, ಸೋಂಪು. ವಾರಕ್ಕೊಂದರಂತೆ ತಿಂದು ನೋಡಿ, ಬರೆಯಿರಿ. ಹಾಥಾರ್ನ್ ಆಮೇಲೆ. ನನ್ನ ಪುಸ್ತಕದಲ್ಲಿ ಅದು ಈಗ ಹೀಗಿದೆ: ‘ಹುಳಿ, ಸಿಹಿ, ಸ್ವಲ್ಪ ಬಿಸಿ. ಮಣ್ಣು: ಕಟ್ಟಿದ ಊಟ ಕರಗಿಸುತ್ತೆ. ಮರ: ಕಟ್ಟಿದ ರಕ್ತ ಹರಿಸುತ್ತೆ.’ ಚೀನೀಯರು ಶಾನ್ ಝಾಗೆ ಈ ಎರಡನೇ ಕೆಲಸವನ್ನೂ ಹೇಳುತ್ತಾರೆ ಅಂತ ನನಗೆ ತಡವಾಗಿ ಕಂಡಿತು. ಹರಿಯುವ ರಕ್ತದ ಮೂಲಕ ಹೃದಯಕ್ಕೆ ದಾರಿ ಇರಬಹುದು ಅಂತ ‘ಬೆಂಕಿ’ಯನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.

ಸೋಂಪನ್ನು ಕೊನೆಗೆ ಇಟ್ಟುಕೊಳ್ಳಿ. ಊಟ ಆದ ಮೇಲೆ ಬಾಯಿಗೆ ಹಾಕುವ ಕಾಳು, ಮಣ್ಣು ಅಂತ ಬರೆದು ಮುಗಿಸಲು ಕೈ ತುರಿಸುತ್ತದೆ. ಚೀನೀಯರು ಅದನ್ನು ಜಠರದ ಜೊತೆ ಲಿವರ್‌ಗೂ ಕಿಡ್ನಿಗೂ ಕಳಿಸುತ್ತಾರೆ, ಕೆಳಹೊಟ್ಟೆಯ ಚಳಿನೋವಿಗೆ, ಹರ್ನಿಯಾ ನೋವಿಗೆ. ಯಾಕಿರಬಹುದು ಅಂತ ಪುಸ್ತಕ ತೆರೆಯದೆ ಒಂದು ವಾರ ಅಗಿದು ನೋಡಿ.